ದೇವಮ್ಮ ಇಟ್ಟ ಹರಿವಾಣ

ಬೆಳ್ಯಪ್ಪ ಗೌಡರು ತೀರಿಹೋದಾಗ ಅವರ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಕ್ಕೆ ನಾನು ಹೋಗಿದ್ದೆ. ಎರಡು ಸಲ ಪಾಯಸ ಹಾಕಿಸಿಕೊಂಡೆ. ಮೂರನೆಯ ಸಲ ಬಡಿಸುವವನು ಬಂದಾಗಲೂ ಬೇಡ ಎನ್ನಲಿಲ್ಲ. ಪಕ್ಕದಲ್ಲಿ ಕೂತವಳು, “ಎಂತ ನೀಲಾವತಿ, ಅಷ್ಟು ರುಚಿ ಉಂಟಾ?” ಎಂದು ಕೇಳಿದಳು. “ಹದಿಮೂರು ವರ್ಷದ ಹಸಿವು ಮಾರಾಯ್ತಿ, ಸುಮ್ಮನೆ ಹೋಗುದಾ?” ಎಂದೆ. ಅವಳು ಚಿಕ್ಕ ಪ್ರಾಯದವಳು, ಅವಳಿಗೆ ಏನೂ ಗೊತ್ತಿರಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಎಂದು ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಬದುಕಿದ್ದ ನನ್ನ ಅವ್ವನ ಬಗ್ಗೆ ಆ ಮನುಷ್ಯ ಏನೇನು ಮಾತಾಡಿದ್ದರು ಎಂದು ಒಬ್ಬರಾದರೂ ಕೇಳಿದ್ದುಂಟಾ? ಇಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಯಾರಿಗೆ ಬೇಜಾರಾಗುತ್ತದೋ ಅವರು ಎದ್ದು ಹೋಗಬಹುದು.

ನನ್ನ ಅವ್ವ ದೇವಮ್ಮ. ಬೆಳ್ಳಾರೆ ಪೇಟೆಯಿಂದ ಅರ್ಧ ಮೈಲು ಆಚೆ, ತನ್ನ ಅಣ್ಣ ಅಚ್ಚುತನ ಜಾಗದ ಮೂಲೆಯಲ್ಲಿ ಎರಡು ಕೋಣೆಯ ಮಣ್ಣಿನ ಮನೆಯಲ್ಲಿ ಒಬ್ಬಳೇ ಇದ್ದವಳು. ಬೀಡಿ ಕಟ್ಟಿ ಬದುಕಿದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಗಂಡ ಬಿಟ್ಟ ಹೆಂಗಸರು, ಬಿಡಲು ಹೊರಟ ಗಂಡನ ಹೆಂಡತಿಯರು, ತಾವೇ ಬಿಟ್ಟು ಬಂದವರು, ಎಲ್ಲರೂ ಸುಳ್ಯದಿಂದಲೂ ಕಡಬದಿಂದಲೂ ಕೇಳಿಕೊಂಡು ಬರುತ್ತಿದ್ದದ್ದು ಅವಳ ಜಗಲಿಗೆ. ಪುತ್ತೂರಿನಲ್ಲಿ ಕೋರ್ಟು ಇತ್ತು, ವಕೀಲರಿದ್ದರು. ಅಲ್ಲಿಗೆ ಹೋಗುವ ಧೈರ್ಯ ಯಾವ ಹೆಂಗಸಿಗೆ ಇತ್ತು? ಊರಿನ ಮಾತು ಮೀರಿ ಕೋರ್ಟಿಗೆ ಹೋದ ಮನೆಯಿಂದ ಮತ್ತೆ ಹೆಣ್ಣು ತರುವವರೂ ಇರಲಿಲ್ಲ, ಆ ಮನೆಗೆ ಕೊಡುವವರೂ ಇರಲಿಲ್ಲ.

ಆಗ ನಮ್ಮ ನಾಲ್ಕಾರು ಊರುಗಳಲ್ಲಿ ಗಂಡ ಹೆಂಡತಿ ಬೇರೆಯಾಗುವುದು ಅಂಗಳದಲ್ಲಿ. ಎರಡೂ ಮನೆಯ ಗಂಡಸರು ಚಾಪೆ ಹಾಕಿ ಕೂರುತ್ತಾರೆ. ನಡುವೆ ಊರುಗೌಡರು, ಎಂದರೆ ಊರಿನ ನಮ್ಮ ಜನಕ್ಕೆಲ್ಲ ಹಿರಿಯರು. ಗಂಡಿನ ಕಡೆಯವರು ಮೊದಲು ತಮಗೆ ಏನು ಬೇಕು ಎಂದು ಹೇಳಬೇಕು. ಆಮೇಲೆ ಹಿತ್ತಾಳೆಯ ಹರಿವಾಣದಲ್ಲಿ ವೀಳ್ಯ ಬರುತ್ತದೆ. ಎಲೆ ಐದು, ಎಲೆಯ ಅಡಿಯಲ್ಲಿ ಅಡಿಕೆ ಒಂದು. ಎರಡೂ ಸೇರಿದರೆ ಮಾತ್ರ ವೀಳ್ಯ. ಮೊದಲ ಎಲೆ ಊರುಗೌಡರದ್ದು, ಅದು ಅವರ ಮರ್ಯಾದೆ. ಆಮೇಲೆ ಮಾತು ಮುಗಿಯುವ ತನಕ ಬೇರೆ ಯಾರೂ ಹರಿವಾಣ ಮುಟ್ಟುವಂತಿಲ್ಲ. ಹೆಣ್ಣಿನ ಕಡೆಯವರು ಎಲೆ ತೆಗೆದುಕೊಂಡರೋ, ಗಂಡಿನ ಕಡೆಯವರು ಕೇಳಿದ್ದಕ್ಕೆಲ್ಲ ಒಪ್ಪಿದರು ಎಂದೇ ಅರ್ಥ. ಮತ್ತೆ ಅದನ್ನು ಯಾವ ದೇವರು ಬಂದರೂ ತಿರುಗಿಸುವ ಹಾಗಿಲ್ಲ.

ಹೆಂಗಸರಿಗೆ ಚಾಪೆಯಲ್ಲಿ ಜಾಗ ಇಲ್ಲ. ಅವರು ಗೋಡೆಯ ಆಚೆ ನಿಂತು ಕೇಳಬೇಕು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಕಾಣಿಯೂರಿನ ನಮ್ಮ ಅಪ್ಪನ ಮನೆಯ ಅಂಗಳದಲ್ಲಿ ಅಂಥದ್ದೇ ಚಾಪೆ ಹಾಸಿದ್ದರು. ನನಗೆ ಆಗ ನಾಲ್ಕು ವರ್ಷ. ಅಪ್ಪ ಡೊಂಬಯ್ಯನಿಗೆ ಅವ್ವ ಬೇಡವಾಗಿದ್ದಳು. ಜಾಗ ಇರುವ ಮನೆಯಿಂದ ಇನ್ನೊಂದು ಹೆಣ್ಣು ನೋಡಿ ಆಗಿತ್ತು. ಅವ್ವನಿಗೂ ಅವನು ಸಾಕಾಗಿದ್ದ, ಅದನ್ನು ಅವಳು ಯಾವತ್ತೂ ಮುಚ್ಚಿಡಲಿಲ್ಲ. “ಗಂಡ ಹೋದ್ರೆ ಹೋಗ್ಲಿ, ನನ್ನ ಮಗಳನ್ನು ಕೊಡಿ” ಎನ್ನುವುದು ಒಂದೇ ಅವಳ ಮಾತು. ಅಪ್ಪನ ಮನೆಯವರು ಮಗು ನಮ್ಮ ಬರಿಯದ್ದು, ನಮ್ಮ ಕುಲದ್ದು, ನಮ್ಮಲ್ಲೇ ಇರಬೇಕು ಎಂದರು. ಏಳು ವರ್ಷ ತುಂಬುವ ತನಕ ಮಗು ತಾಯಿಯ ಹತ್ತಿರ ಇರುವ ಕ್ರಮವೂ ಇತ್ತು, ಕೇಳಿ ಪಡೆಯಬೇಕಿತ್ತು. ಅದನ್ನು ಕೇಳಲಿಕ್ಕೆಂದೇ ಅಚ್ಚುತ ಮಾವ ಬೆಳ್ಳಾರೆಯಿಂದ ನಡೆದು ಬಂದಿದ್ದರು.

ಊರುಗೌಡರು ಬೆಳ್ಯಪ್ಪ. ಅಪ್ಪನಿಗೆ ಸ್ವಂತ ಸೋದರಮಾವ.

ಮಾತು ಬೆಳಗ್ಗೆ ಶುರುವಾದದ್ದು ಮಧ್ಯಾಹ್ನ ಕಳೆದರೂ ಮುಗಿಯಲಿಲ್ಲ. ಅಚ್ಚುತ ಮಾವ ಪಾಪದ ಮನುಷ್ಯ. ಬಾಯಲ್ಲಿ ಎಲೆ ಇಲ್ಲದಿದ್ದರೆ ಅವರ ತಲೆ ಓಡುತ್ತಿರಲಿಲ್ಲ. ಅವತ್ತು ಹಸಿವು ಬೇರೆ. ತಂಗಿಯ ಪರವಾಗಿ ಮಾತಾಡುತ್ತ ಮಾತಾಡುತ್ತ, ಎದುರಿಗಿದ್ದ ಹರಿವಾಣಕ್ಕೆ ಕೈ ಹಾಕಿ ಒಂದು ಎಲೆ ತೆಗೆದರು. ತೊಟ್ಟು ಮುರಿದರು, ತೊಡೆಗೆ ಒರೆಸಿದರು, ಸೊಂಟದ ಡಬ್ಬಿಯಿಂದ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರು. ಎಲೆ ದವಡೆಗೆ ಸೇರಿದ ಮೇಲೆಯೇ ಅವರಿಗೆ ಅಂಗಳ ಸುಮ್ಮನಾದದ್ದು ಗೊತ್ತಾಯಿತು.

“ಅಚ್ಚುತ ವೀಳ್ಯ ತೆಗೆದ. ಮಾತು ಮುಗಿಯಿತು” ಎಂದರು ಬೆಳ್ಯಪ್ಪ ಗೌಡರು.

“ಅಯ್ಯಯ್ಯೊ ಗೌಡ್ರೆ, ಅದು ಅಭ್ಯಾಸ! ಅಭ್ಯಾಸಬಲದಿಂದ ಕೈ ಹೋದದ್ದು!” ಮಾವ ಎಲೆಯನ್ನು ಅಂಗೈಗೆ ಉಗಿದು ತೋರಿಸಿದರು.

“ಅಭ್ಯಾಸ ಆದ್ರೆ ಎಂತ? ಕೈ ನಿನ್ನದೇ ಅಲ್ವಾ ಮಾರಾಯ?”

ಎಲ್ಲರೂ ನಕ್ಕರು. ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಗೋಡೆಯ ಆಚೆ ನಿಂತಿದ್ದ ಅವ್ವನಿಗೆ ಮೊದಲು ಕೇಳಿದ್ದು ಆ ನಗು. ಏನಾಯಿತು ಎಂದು ಗೊತ್ತಾಗುವುದರೊಳಗೆ ಅಜ್ಜಿ ಬಂದು ನನ್ನನ್ನು ಅವಳ ಸೊಂಟದಿಂದ ಕಿತ್ತುಕೊಂಡಳಂತೆ. ನಾನು ಅವಳ ಬಳೆ ಹಿಡಿದುಕೊಂಡಿದ್ದೆನಂತೆ, ಎರಡು ಬಳೆ ಒಡೆಯಿತಂತೆ. ಎಲ್ಲ ‘ಅಂತೆ’ಯೇ. ನನಗೆ ಒಂದೂ ನೆನಪಿಲ್ಲ, ಅದೇ ನನ್ನ ಸಿಟ್ಟು.

ಅವ್ವ ಅಳಲಿಲ್ಲ. ಅಂಗಳ ದಾಟುವಾಗ ಚಾಪೆಯ ಎದುರು ನಿಂತು, “ಗೌಡ್ರೆ, ಒಂದು ದಿನ ನಿಮ್ಮ ಕೈಯೂ ಹೀಗೇ ಹೋಗ್ಲಿ. ಅವತ್ತು ನಾನು ನೋಡ್ಲಿಕ್ಕೆ ಇರ್ಬೇಕು” ಎಂದಳು.

“ಹೋಗು ಹೋಗು, ಎಷ್ಟು ಜನರ ಶಾಪ ತಿಂದು ಅರಗಿಸಿದ್ದೇನೆ” ಎಂದು ಗೌಡರು ಹೇಳಿದರು. ಆಗಲೂ ನಕ್ಕರು.

ನಾನು ಕಾಣಿಯೂರಿನಲ್ಲಿ ಬೆಳೆದೆ. ಊಟಕ್ಕೆ ಬಟ್ಟೆಗೆ ಕಡಿಮೆ ಮಾಡಲಿಲ್ಲ, ಆ ಮಾತು ಹೇಳಬೇಕು. ಆದರೆ ನಾನು ಹಟ ಮಾಡಿದಾಗಲೆಲ್ಲ ಅಜ್ಜಿಯ ಬಾಯಲ್ಲಿ ಒಂದೇ ಮಾತು. “ನಿನ್ನ ಅವ್ವ ನಿನ್ನನ್ನು ಒಂದು ವೀಳ್ಯದೆಲೆಗೆ ಮಾರಿ ಹೋದವಳು.” ಬೆಳ್ಯಪ್ಪ ಗೌಡರು ನಮ್ಮ ಮನೆಗೆ ಬಂದರೆ ಎಲೆ ಹಾಕುತ್ತ ತಮಾಷೆ ಮಾಡುತ್ತಿದ್ದರು. “ಒಂದೆಲೆಯ ಹುಡುಗಿ ಎಲ್ಲಿ? ಬಾ ಇಲ್ಲಿ.” ನಾನು ಓಡಿ ಹೋಗಿ ಅವರ ತೊಡೆಯಲ್ಲಿ ಕೂರುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಎಂಟನೆಯ ವರ್ಷದಲ್ಲಿ ಅಪ್ಪನ ಜೊತೆ ಬೆಳ್ಳಾರೆ ಪೇಟೆಗೆ ಹೋಗಿದ್ದೆ. ಬಸ್ಸು ನಿಲ್ಲುವಲ್ಲಿ ಬೀಡಿ ಎಲೆಯ ಕಟ್ಟು ಹೊತ್ತ ಒಬ್ಬಳು ಹೆಂಗಸು ನನ್ನನ್ನೇ ನೋಡುತ್ತ ನಿಂತಳು. “ಅದೇ ಅವಳು. ನೋಡ್ಬೇಡ” ಎಂದು ಅಪ್ಪ ಹೇಳಿದ. ನಾನು ಮುಖ ತಿರುಗಿಸಿದೆ. ಬರೀ ತಿರುಗಿಸಲಿಲ್ಲ, ದೊಡ್ಡವರು ಮಾಡುವ ಹಾಗೆ ಕೊಂಕಿನಿಂದ ತಿರುಗಿಸಿದೆ. ಅವಳು ಕಟ್ಟು ಇಳಿಸಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಅವಳಿಗೆ ನನ್ನ ಸುದ್ದಿ ತಲುಪಿಸುತ್ತಿದ್ದವಳು ನಫೀಸಮ್ಮ. ಬಳೆಯ ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಬ್ಯಾರಿ ಹೆಂಗಸು. ವರ್ಷಕ್ಕೊಮ್ಮೆ ಕಾಣಿಯೂರಿಗೆ ಬಂದು ನನ್ನ ಕೈ ಹಿಸುಕಿ ಬಳೆ ಇಡುವಳು. ಅದೇ ಅಳತೆಯ ಇನ್ನೊಂದು ಬಳೆಯನ್ನು ಬುಟ್ಟಿಯ ಬದಿಗೆ ಹಾಕಿಕೊಳ್ಳುವಳು. ಯಾಕೆ ಎಂದು ನಾನು ಕೇಳಿದರೆ, “ನಿನ್ನ ಪ್ರಾಯದ ಒಬ್ಬಳಿದ್ದಾಳೆ ಮೋಳೆ” ಎನ್ನುವಳು. ಮೋಳೆ ಎಂದರೆ ಅವರ ಮಾತಿನಲ್ಲಿ ಮಗಳು. ಆ ಬಳೆ ಹೋಗುತ್ತಿದ್ದದ್ದು ಅವ್ವನಿಗೆ. ಮಗಳ ಮುಖ ಕಾಣದವಳು ಮಗಳ ಮಣಿಕಟ್ಟು ಎಷ್ಟು ದಪ್ಪವಾಯಿತು ಎಂದು ನೋಡಿಕೊಂಡು ಹದಿಮೂರು ವರ್ಷ ಕಳೆದಳು.

ಅವ್ವನ ಜಗಲಿಗೆ ಮೊದಲು ಬಂದವಳು ಯಾರೆಂದು ನನಗೆ ಗೊತ್ತಿಲ್ಲ. ಹೇಗೆ ಶುರುವಾಯಿತು ಎಂದು ಗೊತ್ತು. ಯಾರ ಮನೆಯಲ್ಲಿ ಚಾಪೆ ಹಾಸುತ್ತಾರೆ ಎಂದು ಸುದ್ದಿ ಬಂದರೂ ಅವ್ವ ಮುಂಚಿನ ದಿನವೇ ಹೆಣ್ಣಿನ ತವರಿಗೆ ಹೋಗುವಳು. ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಲೆ ಅಡಿಕೆಯ ಸಂಚಿಗಳನ್ನು ಸೊಂಟದಿಂದ ಬಿಚ್ಚಿಸಿ ಒಂದು ಬುಟ್ಟಿಗೆ ಹಾಕಿಸುವಳು. “ಕೈಯನ್ನು ತೊಡೆಯಡಿಗೆ ಹಾಕಿ ಕೂತ್ಕೊಳ್ಳಿ. ಎಲೆ ಕಂಡ್ರೆ ನಿಮಗೆ ಅಕ್ಕ ತಂಗಿ ನೆನಪಿರುದಿಲ್ಲ, ಪ್ರಾಣಿಗಳು!” ಎಂದು ಬೈಯುವಳು. ದೊಡ್ಡ ದೊಡ್ಡ ಮೀಸೆಯವರೂ ಸಂಚಿ ಬಿಚ್ಚಿ ಕೊಡುತ್ತಿದ್ದರು. ಅಚ್ಚುತ ಮಾವನಂತೂ ಆ ದಿನದ ನಂತರ ಎಲೆಯನ್ನೇ ಬಿಟ್ಟಿದ್ದರು. ಅವರನ್ನು ತೋರಿಸಿ, “ಇಗೊಳ್ಳಿ, ನೋಡಿ” ಎಂದರೆ ಮತ್ತೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಬರೀ ಬಿಡಿಸುವ ಕೆಲಸ ಮಾತ್ರ ಮಾಡಿದವಳಲ್ಲ. ಎಷ್ಟೋ ಮನೆ ಕೂಡಿಸಿದ್ದಾಳೆ. ಓಡಿ ಬಂದವಳನ್ನು ಮೂರು ದಿನ ಒಂದೂ ಪ್ರಶ್ನೆ ಕೇಳದೆ ಮನೆಯಲ್ಲಿ ಇಟ್ಟುಕೊಳ್ಳುವಳು. ಗಂಜಿ ಹಾಕುವಳು, ಮಲಗಲು ಬಿಡುವಳು. ಗಂಡ ಒಬ್ಬನೇ ಬರಬೇಕು ಎಂದು ಹೇಳಿ ಕಳಿಸುವಳು. ದೇರಣ್ಣ ಎಂಬವನು ಚಿಕ್ಕಪ್ಪನನ್ನು ಕಟ್ಟಿಕೊಂಡು ಬಂದಿದ್ದ. ಅವ್ವ ಚಿಕ್ಕಪ್ಪನಿಗೆ ಹಟ್ಟಿಯ ಹತ್ತಿರ ಮಣೆ ಹಾಕಿ, “ಸಂಸಾರ ಮಾಡಿದ್ದು ನೀವಾ? ಅಲ್ಲವಾ? ಹಾಗಾದ್ರೆ ಇಲ್ಲಿ ಕೂತ್ಕೊಳ್ಳಿ, ದನ ನೋಡ್ಕೊಳ್ಳಿ” ಎಂದಳು. ದೇರಣ್ಣ ಹೆಂಡತಿಯ ಎದುರು ಒಬ್ಬನೇ ಕೂತ ಮೇಲೆ ಅರ್ಧ ಗಂಟೆ ಕಾಲಬೆರಳಿಂದ ನೆಲ ಕೆರೆದ. ಆಮೇಲೆ ಅತ್ತ. ಸಾಯಂಕಾಲ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು.

ಇದನ್ನೆಲ್ಲ ಕೇಳಿ ನಿಮಗೆ ಅವ್ವ ದೊಡ್ಡ ಮನಸ್ಸಿನವಳು ಎಂದು ತೋರಬಹುದು. ಅಲ್ಲ. ಅವಳೇ ನನಗೆ ಹೇಳಿದ್ದಾಳೆ. ಒಂದೊಂದು ಚಾಪೆಯಲ್ಲಿ ಒಂದೊಂದು ಹೆಣ್ಣಿಗೆ ಮಗು ಸಿಕ್ಕಿದಾಗ ಅವಳಿಗೆ ಸಂತೋಷ ಆಗುತ್ತಿದ್ದದ್ದು ಆ ಹೆಣ್ಣಿಗಾಗಿ ಅಲ್ಲ, ಬೆಳ್ಯಪ್ಪ ಗೌಡರ ಮುಖ ಸಣ್ಣದಾಗುವುದಕ್ಕೆ. ಎಷ್ಟೋ ಕಡೆ ಅವರೇ ಊರುಗೌಡರಾಗಿ ಕೂತಿರುತ್ತಿದ್ದರು. ಗೋಡೆಯ ಆಚೆ ದೇವಮ್ಮ ಇದ್ದಾಳೆ ಎಂದು ಗೊತ್ತಾದರೆ ಅವರ ಮಾತು ತಡವರಿಸುತ್ತಿತ್ತು. ಆದರೂ ಮೊದಲ ಎಲೆ ಅವರೇ ತೆಗೆಯುವರು. ಮೂವತ್ತು ವರ್ಷ ಅವರು ತೆಗೆದದ್ದೇ ಮೊದಲ ಎಲೆ.

ಅರವತ್ತಾರರಲ್ಲಿ ಒಂದು ಬೆಳಗ್ಗೆ ಅವ್ವನ ಜಗಲಿಗೆ ಲೋಲಾಕ್ಷಿ ಬಂದಳು. ಬೆಳ್ಯಪ್ಪ ಗೌಡರ ಒಬ್ಬಳೇ ಮಗಳು. ಸೊಂಟದಲ್ಲಿ ಮೂರು ವರ್ಷದ ಗಂಡು ಮಗು. ಆಲಂಕಾರಿಗೆ ಮದುವೆಯಾಗಿ ಹೋದವಳು. ಗಂಡ ಬಿಡುತ್ತೇನೆ ಎಂದಿದ್ದಾನೆ, ಮಗುವನ್ನು ಅಲ್ಲೇ ಬಿಡಬೇಕು ಎಂದಿದ್ದಾನೆ. ಮುಂದಿನ ವಾರ ಬೆಳ್ಯಪ್ಪ ಗೌಡರ ಅಂಗಳದಲ್ಲೇ ಚಾಪೆ. ಮಗಳ ಮಾತಿಗೆ ಅಪ್ಪ ಊರುಗೌಡ ಆಗುವಂತಿಲ್ಲ, ಹಾಗಾಗಿ ಆಲಂಕಾರಿನ ಜತ್ತಪ್ಪ ಗೌಡರು ನಡುವೆ ಕೂರುತ್ತಾರೆ.

“ದೇವಮ್ಮಕ್ಕ, ನನ್ನ ಮಗನನ್ನು ಉಳಿಸಿ ಕೊಡಿ. ಅಪ್ಪನಿಗೆ ಗೊತ್ತಿಲ್ಲ ನಾನು ಬಂದದ್ದು” ಎಂದು ಲೋಲಾಕ್ಷಿ ಕಾಲು ಹಿಡಿದಳು.

ಅವ್ವನಿಗೆ ಮನಸ್ಸಿನಲ್ಲಿ ಹಬ್ಬ. ಹದಿಮೂರು ವರ್ಷ ಕಾದ ದಿನ ಕಾಲ ಬುಡಕ್ಕೇ ಬಂದು ಬಿದ್ದಿತ್ತು. “ನಿನ್ನ ಅಪ್ಪ ನನ್ನ ಅಂಗಳಕ್ಕೆ ಬಂದು ಬಾಯಿ ಬಿಟ್ಟು ಕೇಳ್ಬೇಕು. ಮತ್ತೆ ಆ ದಿನದ ಹರಿವಾಣ ನನ್ನ ಕೈಯಲ್ಲೇ ಇಡ್ಬೇಕು. ಎರಡಕ್ಕೂ ಒಪ್ಪಿದ್ರೆ ಬರ್ತೇನೆ” ಎಂದಳು.

ಬೆಳ್ಯಪ್ಪ ಗೌಡರು ಬಂದರು. ಮೊಮ್ಮಗನ ಮೇಲೆ ಅವರಿಗೆ ಜೀವ. ಅವ್ವ ಮಣೆ ಹಾಕಲಿಲ್ಲ, ನೀರು ಕೊಡಲಿಲ್ಲ, ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಅವರು ಬಿಸಿಲಲ್ಲಿ ನಿಂತು, “ಹಳೆಯದ್ದೆಲ್ಲ ಮನಸ್ಸಲ್ಲಿಡ್ಬೇಡ ದೇವಮ್ಮ. ಮಗು ಕೈತಪ್ಪದ ಹಾಗೆ ಮಾಡು” ಎಂದರು.

“ಹರಿವಾಣ ಇಡ್ತೇನೆ” ಎಂದಳು ಅವ್ವ. ಬೇರೆ ಏನೂ ಹೇಳಲಿಲ್ಲ. ಸಂಚಿ ಬಿಚ್ಚಿಡಿ ಎಂದೂ ಹೇಳಲಿಲ್ಲ, ಕೈ ತೊಡೆಯಡಿಗೆ ಹಾಕಿ ಎಂದೂ ಹೇಳಲಿಲ್ಲ. ಎಲ್ಲರಿಗೂ ಹೇಳುವ ಮಾತನ್ನು ಅವರೊಬ್ಬರಿಗೆ ಹೇಳಲಿಲ್ಲ.

ಜಗಲಿಯ ತುದಿಯಲ್ಲಿ ಕೂತಿದ್ದ ನಫೀಸಮ್ಮ ಗೌಡರು ಹೋದ ಮೇಲೆ ಕೇಳಿದಳು. “ಎಂತ ಮಾಡ್ತೀಯ ನೀನು?”

“ನಾನೆಂತ ಮಾಡುದು? ಹರಿವಾಣ ಅವನ ಬಲಗೈಯ ಹತ್ತಿರ ಇಡುದು, ಅಷ್ಟೇ. ಅವತ್ತು ಅವನು ಗೌಡ ಅಲ್ಲ ಅಂತ ಅವನಿಗೆ ಗೊತ್ತುಂಟು. ಅವನ ಕೈಗೆ ಗೊತ್ತಿಲ್ಲ.”

“ಪಡಚ್ಚೋನೆ, ದೇವರೇ! ಆ ಮಗು ನಿನಗೆ ಎಂತ ಮಾಡಿತು ದೇವಮ್ಮಕ್ಕ?”

“ನನ್ನ ಮಗು ಅವನಿಗೆ ಎಂತ ಮಾಡಿತ್ತು?”

ನಫೀಸಮ್ಮ ಬುಟ್ಟಿ ಎತ್ತಿಕೊಂಡು ಹೋದಳಂತೆ. ಅವರಿಬ್ಬರ ನಡುವೆ ಮಾತು ನಿಂತದ್ದು ಅದೊಂದೇ ವಾರ.

ಆ ದಿನ ಕಾಣಿಯೂರಿನಿಂದ ನಾವೂ ಹೋಗಿದ್ದೆವು. ಅಪ್ಪ ಸಂಬಂಧಿಕನಾಗಿ ಚಾಪೆಗೆ, ನಾನು ಅಡುಗೆಗೆ ಕೈ ಕೊಡಲು. ನನಗೆ ಹದಿನೇಳು. ಅಡುಗೆಮನೆಗೆ ಕಾಲಿಟ್ಟರೆ ಒಲೆಯ ಪಕ್ಕ ಅವಳು ಕೂತಿದ್ದಳು. ಎದುರಿಗೆ ಹರಿವಾಣ, ಎಲೆಯ ಕವಳೆ. ನಾನು ಹಿಂದೆ ತಿರುಗಲು ಹೊರಟೆ. ಲೋಲಾಕ್ಷಿ ತನ್ನ ಗಾಬರಿಯಲ್ಲಿ ಬೇರೇನೂ ಯೋಚಿಸದೆ, “ನೀಲ, ದೇವಮ್ಮಕ್ಕನಿಗೆ ಎಲೆ ಒರೆಸಿ ಕೊಡು” ಎಂದಳು.

ಕೂತೆ. ಎಲೆ ಒರೆಸಿ ಒರೆಸಿ ಕೊಟ್ಟೆ. ಮುಖ ನೋಡಲಿಲ್ಲ, ಅವಳ ಕೈಯನ್ನೇ ನೋಡಿದೆ. ಬೀಡಿ ಕಟ್ಟಿ ಬೆರಳ ತುದಿ ಕಪ್ಪಾಗಿತ್ತು. ಅವಳು ನನ್ನ ಬಳೆಯನ್ನು ನೋಡುತ್ತಿದ್ದಳು. ಐದು ಎಲೆ ಆಯಿತು. ಅವಳು ಹರಿವಾಣಕ್ಕೆ ಕೈ ಹಾಕಿ ಎತ್ತಿದಳು. ಅಂಗಳದಲ್ಲಿ ಗಂಡಿನ ಕಡೆಯವರು ಮಗು ನಮ್ಮದು, ಮಗು ನಮ್ಮದು ಎಂದು ಹೇಳಿ ಮುಗಿಸುತ್ತಿದ್ದರು.

“ಅಡಿಕೆ ಇಟ್ಟಿಲ್ಲ” ಎಂದೆ.

ನಾನು ಅವ್ವನ ಹತ್ತಿರ ಹದಿಮೂರು ವರ್ಷದ ನಂತರ ಆಡಿದ ಮೊದಲ ಮಾತು ಅದು. ಇನ್ನೇನಾದರೂ ಒಳ್ಳೆಯದು ಆಡಬಹುದಿತ್ತು. ಅವಳು ಹರಿವಾಣ ಹಿಡಿದುಕೊಂಡೇ ನಿಂತಳು, ಕಣ್ಣು ಮುಚ್ಚಿದಳು. ಎಡಗೈ ಮುಷ್ಟಿಯಾಗಿತ್ತು.

“ಬಾಯಿ ಮುಚ್ಚಿ ನೋಡು” ಎಂದಳು. ಹೊರಗೆ ಹೋಗಿ ಹರಿವಾಣವನ್ನು ಬೆಳ್ಯಪ್ಪ ಗೌಡರ ಬಲಗೈಯ ಹತ್ತಿರ ಇಟ್ಟು ಬಂದು ಬಾಗಿಲಲ್ಲಿ ನಿಂತಳು.

ಜತ್ತಪ್ಪ ಗೌಡರು ಶಾಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬೆಳ್ಯಪ್ಪ ಗೌಡರ ಕೈ ಹೋಯಿತು. ನಾನು ಕಣ್ಣಾರೆ ಕಂಡೆ. ಮೊಮ್ಮಗನ ಚಿಂತೆಯಲ್ಲಿ ಮನುಷ್ಯ ಎಲ್ಲೋ ನೋಡುತ್ತಿದ್ದರು, ಕೈ ತನ್ನಷ್ಟಕ್ಕೆ ಹೋಗಿ ಮೊದಲ ಎಲೆ ಎತ್ತಿತು, ತೊಟ್ಟು ಮುರಿಯಿತು, ತೊಡೆಗೆ ಒರೆಸಿತು. ಸುಣ್ಣ ಹಚ್ಚಿ, ಸಂಚಿಯ ಅಡಿಕೆ ಹೋಳು ಸೇರಿಸಿ ಬಾಯಿಗೆ ಹಾಕಿಕೊಂಡರು.

“ಬೆಳ್ಯಪ್ಪ ಗೌಡ್ರು ವೀಳ್ಯ ತೆಗೆದ್ರು!” ಆಲಂಕಾರಿನವರ ಕಡೆಯಿಂದ ಒಬ್ಬ ಕೂಗಿದ. “ಮಗು ನಮ್ಮದು, ಮಾತು ಮುಗಿಯಿತು!”

ಗೌಡರ ದವಡೆ ನಿಂತಿತು. ಒಳಗೆ ಲೋಲಾಕ್ಷಿ ಕಿರುಚಿದಳು. ಮಗುವನ್ನು ಅವುಚಿಕೊಂಡು ಗೋಡೆಗೆ ಒರಗಿ ಕುಸಿದಳು.

“ಅದು... ಅದು ಅಭ್ಯಾಸ ಮಾರಾಯ್ರೆ. ಮೂವತ್ತು ವರ್ಷದ ಅಭ್ಯಾಸ. ನಾನು ಒಪ್ಪಿ ತೆಗೆದದ್ದಲ್ಲ.”

ಜತ್ತಪ್ಪ ಗೌಡರಿಗೂ ಕಷ್ಟವಾಯಿತು. “ಗೌಡ್ರೆ, ಕಾಣಿಯೂರಿನ ಚಾಪೆಯಲ್ಲಿ ನಾನೂ ಇದ್ದೆ. ಅಭ್ಯಾಸ ಆದ್ರೂ ಕೈ ನಿನ್ನದೇ ಅಂತ ಹೇಳಿದ್ದು ನೀವು. ನಿಮಗೊಂದು, ಅಚ್ಚುತನಿಗೊಂದು ಅಂತ ನಾನು ಹೇಗೆ ಹೇಳುದು?”

ನಾನು ಅವ್ವನ ಮುಖ ನೋಡಿದೆ. ಅವಳು ನಗುತ್ತಿದ್ದಳು. ಸುಳ್ಳು ಯಾಕೆ ಹೇಳಲಿ? ಲೋಲಾಕ್ಷಿ ನೆಲದಲ್ಲಿ ಬಿದ್ದು ಅಳುತ್ತಿದ್ದಾಗ ನನ್ನ ಅವ್ವ ಕೈಕಟ್ಟಿ ಬಾಗಿಲಿಗೆ ಒರಗಿ ನಗುತ್ತಿದ್ದಳು. ಬೇಗ ಮುಗಿಸಬಹುದಿತ್ತು, ಮುಗಿಸಲಿಲ್ಲ. ಗೌಡರು ಅವರ ಮುಖ ಇವರ ಮುಖ ನೋಡಿ ಬೇಡುವುದನ್ನು ಪೂರ್ತಿ ನೋಡಿದಳು. ಆಮೇಲೆ, ಹರಿವಾಣ ಇಡುವುದಕ್ಕಲ್ಲದೆ ಹೆಂಗಸರು ದಾಟಬಾರದ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು.

“ಗೌಡ್ರೆ, ಅಭ್ಯಾಸದಲ್ಲಿ ತೆಗೆದ ಎಲೆ ಒಪ್ಪಿಗೆಯಾ? ಅಲ್ಲವಾ? ನಿಮ್ಮ ಬಾಯಿಂದ ಒಮ್ಮೆ ಹೇಳಿ.”

ಅಪ್ಪ ಡೊಂಬಯ್ಯ ಚಾಪೆಯ ಹುಲ್ಲು ಕೀಳುತ್ತ ಕೂತಿದ್ದ. ಬೆಳ್ಯಪ್ಪ ಗೌಡರು ಬಾಯಲ್ಲಿದ್ದ ಎಲೆಯನ್ನು ಅಂಗೈಗೆ ಉಗಿದರು. “ಅಲ್ಲ” ಎಂದರು.

“ಅಚ್ಚುತಣ್ಣನದ್ದು?”

“ಅವನದ್ದೂ ಅಲ್ಲ.”

“ಮತ್ತೆ ಅವತ್ತು ನೀವು ಹೇಳಿದ್ದು?”

“ತಪ್ಪು.”

“ಒಳಗೆ ಕೇಳುದಿಲ್ಲ. ಒಳಗೆ ನನ್ನ ಮಗಳು ನಿಂತಿದ್ದಾಳೆ. ಒಂದೆಲೆಯ ಹುಡುಗಿ.”

ಗೌಡರು ತಲೆ ಎತ್ತಿ ಬಾಗಿಲ ಕಡೆ ನೋಡಿದರು. ನನ್ನನ್ನು ತೊಡೆಯಲ್ಲಿ ಕೂರಿಸಿಕೊಂಡ ಮನುಷ್ಯ. “ತ...ಪ್ಪು ನನ್ನದು! ನಿನ್ನ ಅವ್ವ ನಿನ್ನನ್ನು ಬಿಟ್ಟದ್ದಲ್ಲ, ನಾನು ಬಿಡಿಸಿದ್ದು!” ಎಂದು ಕೂಗಿದರು. ಕೂಗುವಾಗ ಗಲ್ಲದಲ್ಲಿ ಕೆಂಪು ನೀರು ಇಳಿಯುತ್ತಿತ್ತು.

ಆಲಂಕಾರಿನವರು ಬಿಡಲಿಲ್ಲ. “ತಪ್ಪು ಒಪ್ಪಿಕೊಂಡ್ರೆ ತೆಗೆದ ವೀಳ್ಯ ಹಿಂದೆ ಬರ್ತದಾ? ಅವತ್ತು ಬಂತಾ?”

“ವೀಳ್ಯ ಎಲ್ಲಿ ಉಂಟು?” ಎಂದು ಅವ್ವ ಹರಿವಾಣವನ್ನು ಎತ್ತಿ ಜತ್ತಪ್ಪ ಗೌಡರ ಎದುರು ಬೋರಲು ಹಾಕಿದಳು. ನಾಲ್ಕು ಎಲೆ ಬಿತ್ತು. “ಅಡಿಕೆ ತೋರ್ಸಿ ಮಾರಾಯ್ರೆ. ನಾನು ವೀಳ್ಯ ಇಡ್ಲೇ ಇಲ್ಲ. ಇಡದ್ದನ್ನು ಅವರು ತೆಗೆದದ್ದು ಹೇಗೆ?”

ಜತ್ತಪ್ಪ ಗೌಡರು ಒಂದೊಂದೇ ಎಲೆಯನ್ನು ಮಗುಚಿ ನೋಡಿದರು. ಆಮೇಲೆ ಅಂಗಳದಲ್ಲಿ ಒಬ್ಬೊಬ್ಬರೇ ನಗಲು ಶುರು ಮಾಡಿದರು. ಅವ್ವ ಒಳಗಿನಿಂದ ಅಡಿಕೆ ತಂದು ಹೊಸ ವೀಳ್ಯ ಇಟ್ಟಳು. ಬೆಳ್ಯಪ್ಪ ಗೌಡರು ಎರಡೂ ಕೈಯನ್ನು ತೊಡೆಯಡಿಗೆ ಹಾಕಿಕೊಂಡು ಕೂತರು, ಶಾಲೆಯ ಮಕ್ಕಳ ಹಾಗೆ. ಏಳು ವರ್ಷ ತುಂಬುವ ತನಕ ಮಗು ಲೋಲಾಕ್ಷಿಯ ಹತ್ತಿರ ಇರುವುದೆಂದು ತೀರ್ಮಾನವಾಯಿತು. ಮತ್ತೆ ಆ ಮನುಷ್ಯ ಯಾವ ಚಾಪೆಯಲ್ಲೂ ಊರುಗೌಡನಾಗಿ ಕೂರಲಿಲ್ಲ, ಯಾರೂ ಕರೆಯಲಿಲ್ಲ.

“ಏಯ್ ನೀಲ, ಹೊರಡು” ಎಂದು ಅಪ್ಪ ಕರೆದ. ನಾನು ಮುಖ ತಿರುಗಿಸಿದೆ. ಎಂಟನೆಯ ವರ್ಷದಲ್ಲಿ ಅವನು ಕಲಿಸಿದ್ದು, ಅವನಿಗೇ ಕೊಟ್ಟೆ.

ಬೆಳ್ಳಾರೆಗೆ ನಾಲ್ಕು ಮೈಲು. ಅವ್ವ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಸಿಕ್ಕಿದವರೆಲ್ಲ ಅವ್ವನ ಬುದ್ಧಿಯನ್ನು ಹೊಗಳಿದರು. ಅಡಿಕೆಯನ್ನೇ ಇಡದೆ ಗೌಡನ ಮಾನವನ್ನೂ ತೆಗೆದಳು, ಮಗುವನ್ನೂ ಉಳಿಸಿದಳು, ಎಂಥ ಲೆಕ್ಕಾಚಾರ ಎಂದರು. ಅವಳು ನಡಿಗೆ ನಿಲ್ಲಿಸಲಿಲ್ಲ. ನನಗೆ ಒಳಗೆ ಕುದಿಯುತ್ತಿತ್ತು. ಮನೆ ಮುಟ್ಟಿದೆವು. ಗೋಡೆಯ ಮೊಳೆಯಲ್ಲಿ ದಾರಕ್ಕೆ ಪೋಣಿಸಿದ ಹದಿಮೂರು ಬಳೆ ತೂಗುತ್ತಿತ್ತು, ಒಂದಕ್ಕಿಂತ ಒಂದು ದೊಡ್ಡದು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ನಾನಾಗಿದ್ರೆ ಅಡಿಕೆ ಇಡ್ತಿದ್ದೆ! ಇಟ್ಟು ತೋರಿಸ್ತಿದ್ದೆ ಅವನಿಗೆ. ಅವನ ಮೊಮ್ಮಗನೂ ಹೋಗ್ಬೇಕಿತ್ತು, ಅವನ ಮಗಳೂ ಬಳೆ ನೋಡ್ಕೊಂಡು ಕೂರ್ಬೇಕಿತ್ತು. ನೀನು ಎಂತಕ್ಕೆ ಇಡ್ಲಿಲ್ಲ?”

ಅವ್ವ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಂದು ಅಡಿಕೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಮುಷ್ಟಿಯಲ್ಲಿ ಹಿಡಿದು ಹಿಡಿದು ಬೆವರಿಗೆ ಅದರ ಬಣ್ಣ ಕಪ್ಪಾಗಿತ್ತು.

“ಇಡ್ಲಿಕ್ಕೆ ಅಂತಲೇ ಕೈಯಲ್ಲಿ ಹಿಡ್ಕೊಂಡಿದ್ದೆ ಮಗಾ. ಹೊಸ್ತಿಲಲ್ಲಿ ಎಲೆಯ ಅಡಿಗೆ ತಳ್ಳುದು ಅಂತ ಇದ್ದೆ. ಲೋಲಾಕ್ಷಿ ಸಾಯ್ಲಿ, ಅವಳ ಮಗು ಎಲ್ಲಾದ್ರೂ ಹೋಗ್ಲಿ ಅಂತಲೇ ಇದ್ದೆ. ಅಷ್ಟೊತ್ತಿಗೆ ನೀನು ಮಾತಾಡಿದೆ.”

ಅವಳು ನನ್ನ ಕೈಯನ್ನು ಅಡಿಕೆಯ ಸಮೇತ ಮುಚ್ಚಿದಳು. “ನಾಲ್ಕು ವರ್ಷದಲ್ಲಿ ಬಿಟ್ಟ ಸ್ವರ. ದೊಡ್ಡದಾಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಬಳೆಯಲ್ಲಿ ಸ್ವರ ಬರುದಿಲ್ಲ ಅಲ್ವಾ? ಆ ಹುಡುಗಿಗೂ ಅವಳ ಮಗನ ಸ್ವರ ಗೊತ್ತಿಲ್ಲದ ಹಾಗೆ ಮಾಡ್ಲಿಕ್ಕೆ ಮತ್ತೆ ಕೈ ಬರ್ಲಿಲ್ಲ.”

ಆ ಅಡಿಕೆ ಈಗಲೂ ನನ್ನ ಹತ್ತಿರ ಉಂಟು. ಬೊಜ್ಜದ ದಿನ ಸೆರಗಿಗೆ ಗಂಟು ಹಾಕಿಕೊಂಡೇ ಹೋಗಿದ್ದೆ. ಊಟ ಆದ ಮೇಲೆ ಲೋಲಾಕ್ಷಿಯ ಮಗ ಬಂದವರಿಗೆಲ್ಲ ವೀಳ್ಯ ಹಂಚುತ್ತ ನನ್ನ ಎದುರೂ ಹರಿವಾಣ ಹಿಡಿದ. ನಾನು ತೆಗೆದುಕೊಳ್ಳಲಿಲ್ಲ. “ಇನ್ನೂ ಸಿಟ್ಟಾ ನೀಲಕ್ಕ?” ಎಂದ. “ಇನ್ನೂ” ಎಂದೆ. ಅವನ ಸ್ವರ ಅವನ ಅಜ್ಜನದ್ದೇ, ಅಚ್ಚು ಹಾಕಿದ ಹಾಗೆ. ಪಕ್ಕದ ಕೋಣೆಯಿಂದ ಅವನ ತಾಯಿ ಕರೆದಳು, ಅವನು ಓಗೊಟ್ಟು ಹೋದ.